ಗೆದ್ದ ವರ್ಷವೇ ಒಡೆದ ಮನೆ

1943ರ ಜನವರಿಯಲ್ಲಿ ತೆರೆಕಂಡ ‘ಕಿಸ್ಮತ್’ ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ಬಂಗಾಳದಲ್ಲಿ ಕ್ಷಾಮ, ಬರ್ಮಾ ಗಡಿಯಲ್ಲಿ ಯುದ್ಧ, ನೆತ್ತಿಯ ಮೇಲೆ ಜಪಾನಿ ಬಾಂಬುಗಳ ಭಯ. ಇಷ್ಟರ ನಡುವೆಯೂ ಜನ ಜೇಬುಗಳ್ಳನೊಬ್ಬ ನಾಯಕನಾಗಿದ್ದ ಈ ಕಥೆಯನ್ನು ಸಾಲುಗಟ್ಟಿ ನಿಂತು ನೋಡಿದರು. ಚಿತ್ರ ತೆಗೆದದ್ದು ಮುಂಬೈ ಹೊರವಲಯದ ಮಲಾಡ್‌ನಲ್ಲಿದ್ದ ಬಾಂಬೆ ಟಾಕೀಸ್. ಇಂಥ ಗೆಲುವು ಕಂಡ ಕಂಪನಿ ಹತ್ತು ವರ್ಷ ನಿಶ್ಚಿಂತೆಯಿಂದ ಇರಬೇಕಿತ್ತು. ಆದದ್ದೇ ಬೇರೆ. ‘ಕಿಸ್ಮತ್’ನ ನಿರ್ಮಾಣ ನೋಡಿಕೊಂಡಿದ್ದ ಶಶಧರ್ ಮುಖರ್ಜಿ, ನಿರ್ದೇಶಕ ಜ್ಞಾನ್ ಮುಖರ್ಜಿ, ನಾಯಕ ನಟ ಅಶೋಕ್ ಕುಮಾರ್, ಆಡಳಿತ ನೋಡುತ್ತಿದ್ದ ರಾಯ್ ಬಹಾದ್ದೂರ್ ಚುನಿಲಾಲ್ ಎಲ್ಲರೂ ಅದೇ ವರ್ಷ ಕಂಪನಿ ಬಿಟ್ಟು ಹೊರನಡೆದರು. ಪಕ್ಕದ ಗೋರೆಗಾಂವ್‌ನಲ್ಲಿ ‘ಫಿಲ್ಮಿಸ್ತಾನ್’ ಎಂಬ ಹೊಸ ಸ್ಟುಡಿಯೊ ತೆರೆದರು. ಹನ್ನೊಂದು ವರ್ಷಗಳಲ್ಲಿ, 1954ರಲ್ಲಿ, ಬಾಂಬೆ ಟಾಕೀಸ್ ಬಾಗಿಲು ಹಾಕಿತು.

ಚಿತ್ರ ಸಂಸ್ಥೆಯೊಂದು ಯಾಕೆ ಮುಳುಗಿತು ಎಂದು ಕೇಳಿದರೆ ಗಾಂಧಿನಗರದಲ್ಲಿ ಸಿದ್ಧ ಉತ್ತರವೊಂದಿದೆ: ಎರಡು ಪಿಕ್ಚರ್ ತೋಪಾದವು, ಬಡ್ಡಿ ಬೆಳೆಯಿತು, ಅಷ್ಟೆ. ಬಾಂಬೆ ಟಾಕೀಸ್ ವಿಷಯದಲ್ಲಿ ಆ ಉತ್ತರ ಸಾಲದು. ಅದರ ಅತಿ ದೊಡ್ಡ ಗೆಲುವೂ ಒಡಕೂ ಒಂದೇ ವರ್ಷ ಬಂದವು. ಮುಚ್ಚುವುದಕ್ಕೆ ಐದು ವರ್ಷ ಮೊದಲು, 1949ರಲ್ಲಿ, ‘ಮಹಲ್’ ಎಂಬ ಇನ್ನೊಂದು ಭರ್ಜರಿ ಗೆಲುವೂ ಬಂದಿತ್ತು. ಗೆಲುವಿಗೆ ಬರವಿರಲಿಲ್ಲ. ಕೊರತೆ ಇದ್ದದ್ದು ಯಜಮಾನಿಕೆಯ ವಿಷಯದಲ್ಲಿ. ಯಜಮಾನನ ನಂತರ ಯಾರು ಎಂಬ ಪ್ರಶ್ನೆಗೆ ಆ ಕಂಪನಿ ಒಮ್ಮೆಯೂ ನೆಟ್ಟಗೆ ಉತ್ತರ ಹುಡುಕಲಿಲ್ಲ.

ಕಂಪನಿ ಕಟ್ಟಿದ ಹಿಮಾಂಶು ರಾಯ್ ಬಂಗಾಳದವರು. ವಕೀಲಿಕೆ ಓದಲು ಲಂಡನ್‌ಗೆ ಹೋಗಿ ರಂಗಭೂಮಿಯ ಸಹವಾಸಕ್ಕೆ ಬಿದ್ದವರು. 1925ರಲ್ಲಿ ಮ್ಯೂನಿಕ್‌ನ ಎಮೆಲ್ಕಾ ಕಂಪನಿಯ ಜೊತೆ ಕೈಜೋಡಿಸಿ ಬುದ್ಧನ ಕಥೆಯ ‘ದ ಲೈಟ್ ಆಫ್ ಏಷ್ಯಾ’ ಎಂಬ ಮೂಕಿ ಚಿತ್ರ ಮಾಡಿದರು. ಬುದ್ಧನ ಪಾತ್ರವೂ ಅವರದೇ. ಜರ್ಮನರ ಕ್ಯಾಮೆರಾ ಮತ್ತು ತಂತ್ರಜ್ಞರು, ನಮ್ಮ ಕಥೆ, ನಮ್ಮ ಅರಮನೆ, ನಮ್ಮ ಆನೆಗಳು. ಇದು ಅವರ ಸೂತ್ರ. ಅದೇ ಸೂತ್ರದಲ್ಲಿ ‘ಶಿರಾಜ್’, ‘ಎ ಥ್ರೋ ಆಫ್ ಡೈಸ್’ ಬಂದವು. ಮೂಕಿ ಚಿತ್ರಕ್ಕೆ ಭಾಷೆಯ ಗಡಿ ಇಲ್ಲವಾದ್ದರಿಂದ ಜೈಪುರದಲ್ಲಿ ತೆಗೆದದ್ದನ್ನು ಬರ್ಲಿನ್‌ನಲ್ಲಿ ಮಾರಬಹುದಿತ್ತು. ಮಾತು ಬಂದ ಮೇಲೆ ಆ ಮಾರುಕಟ್ಟೆ ಮುಚ್ಚಿತು. ಜರ್ಮನಿಯಲ್ಲಿ 1933ರಲ್ಲಿ ಹಿಟ್ಲರ್ ಬಂದ. ರಾಯ್ ತಮ್ಮ ಪತ್ನಿ ದೇವಿಕಾ ರಾಣಿಯೊಡನೆ ಊರಿಗೆ ಮರಳಿದರು. ದೇವಿಕಾ ರಾಣಿ ಹುಟ್ಟಿದ್ದು ವಿಶಾಖಪಟ್ಟಣದ ವಾಲ್ಟೇರ್‌ನಲ್ಲಿ, ರವೀಂದ್ರನಾಥ ಟ್ಯಾಗೋರರ ಬಂಧುವರ್ಗದಲ್ಲಿ, ಓದಿದ್ದು ಲಂಡನ್ನಿನಲ್ಲಿ, ಸಿನಿಮಾ ಕೆಲಸ ಕಲಿತದ್ದು ಬರ್ಲಿನ್‌ನ ಉಫಾ ಸ್ಟುಡಿಯೊದಲ್ಲಿ. (ಈ ದಂಪತಿ ನಟಿಸಿದ ‘ಕರ್ಮ’ ಚಿತ್ರದ ಚುಂಬನದ ಬಗ್ಗೆ ಬರೆಯದ ಅಂಕಣಕಾರರಿಲ್ಲ. ಈ ಅಂಕಣಕ್ಕೆ ಅದು ಬೇಕಾಗಿಲ್ಲ.)

ಬಾಂಬೆ ಟಾಕೀಸ್ ಲಿಮಿಟೆಡ್ ಶುರುವಾದದ್ದು 1934ರಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದೂ ಅದೇ ವರ್ಷ. ನಮ್ಮಲ್ಲಿ ಸ್ಟುಡಿಯೊ ಇಲ್ಲದೆ ಆ ಚಿತ್ರವನ್ನು ಕೊಲ್ಹಾಪುರದಲ್ಲಿ ತೆಗೆದಿದ್ದರು ಎಂಬುದನ್ನು ನೆನೆದರೆ, ಮಲಾಡ್‌ನಲ್ಲಿ ಆದ ಏರ್ಪಾಟು ಎಂಥದ್ದೆಂದು ತಿಳಿಯುತ್ತದೆ. ಆಗಿನ ಬಹುಪಾಲು ಚಿತ್ರ ಕಂಪನಿಗಳು ಲೇವಾದೇವಿದಾರರ ಬಡ್ಡಿ ಹಣದ ಮೇಲೆ, ಇಲ್ಲವೇ ಒಂದು ಮನೆತನದ ಗಂಟಿನ ಮೇಲೆ ನಿಂತಿದ್ದವು. ರಾಯ್ ಹಿಡಿದದ್ದು ಬೇರೆ ದಾರಿ. 25 ಲಕ್ಷ ರೂಪಾಯಿಯ ಅಧಿಕೃತ ಬಂಡವಾಳ ತೋರಿಸಿ, ಷೇರು ಮಾರಿ ಹಣ ಎತ್ತಿದರು. ಮುಂಬೈನ ವಕೀಲಿಕೆ–ವ್ಯಾಪಾರಗಳ ಘಟಾನುಘಟಿಗಳು, ಎಫ್.ಇ. ದಿನ್‌ಶಾ, ಸರ್ ಚಿಮನ್‌ಲಾಲ್ ಸೆಟಲ್ವಾಡ್‌ರಂಥವರು, ನಿರ್ದೇಶಕ ಮಂಡಳಿಯಲ್ಲಿ ಕೂತರು. ಮಲಾಡ್‌ನ ಜಾಗ ದಿನ್‌ಶಾ ಅವರ ಬೇಸಿಗೆ ಬಂಗಲೆಯದ್ದು. ಸಿನಿಮಾದವರೆಂದರೆ ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ.

ಸ್ವತಂತ್ರ ಸಂಸ್ಥೆ ಎನ್ನುವುದಾದರೆ ಅದು ಈ ಅರ್ಥದಲ್ಲಿ ಸ್ವತಂತ್ರ. ಕಥೆ ಹೇಗಿರಬೇಕು, ಹಾಡೆಷ್ಟು ಎಂದು ಹೇಳಲು ಸಾಲ ಕೊಟ್ಟ ಸೇಠ್ ಬಂದು ಕೂರುವಂತಿರಲಿಲ್ಲ. ಚಿತ್ರೀಕರಣದ ಫ್ಲೋರ್, ಧ್ವನಿಮುದ್ರಣ, ಲ್ಯಾಬ್, ಸಂಕಲನ ಎಲ್ಲವೂ ಒಂದೇ ಕಾಂಪೌಂಡಿನೊಳಗೆ. ಕ್ಯಾಮೆರಾ ಹಿಡಿಯಲು ಜರ್ಮನಿಯಿಂದ ಜೋಸೆಫ್ ವಿರ್ಶಿಂಗ್, ಸೆಟ್ಟಿಗೆ ಕಾರ್ಲ್ ಫಾನ್ ಸ್ಪ್ರೆಟಿ, ನಿರ್ದೇಶನಕ್ಕೆ ಫ್ರಾಂಜ್ ಆಸ್ಟನ್ ಬಂದರು. ಆಸ್ಟನ್‌ಗೆ ಹಿಂದಿ ಬರುತ್ತಿರಲಿಲ್ಲ. ಆದರೂ 1939ರವರೆಗೆ ಇಲ್ಲಿನ ಚಿತ್ರಗಳನ್ನೆಲ್ಲ ನಿರ್ದೇಶಿಸಿದ್ದು ಅವರೇ. ಅವರ ಕೈಕೆಳಗೆ ಕೆಲಸ ಕಲಿತವರು ನಮ್ಮ ಪದವೀಧರ ಹುಡುಗರು. ಶಶಧರ್ ಮುಖರ್ಜಿ ಅಲಹಾಬಾದ್‌ನಲ್ಲಿ ಭೌತವಿಜ್ಞಾನ ಓದಿ ಬಂದು ಧ್ವನಿ ವಿಭಾಗಕ್ಕೆ ಸೇರಿದವರು. ಸಂಗೀತಕ್ಕೆ ಖುರ್ಷೀದ್ ಮಿನೋಚರ್ ಹೋಮ್‌ಜಿ ಎಂಬ ಪಾರ್ಸಿ ಮಹಿಳೆ. ಮೊದಲ ಚಿತ್ರ ‘ಜವಾನಿ ಕಿ ಹವಾ’ (1935) ಹೊತ್ತಿಗೆ, ತಮ್ಮ ಹೆಣ್ಣುಮಕ್ಕಳು ಸಿನಿಮಾ ಸೇರಿದರೆಂದು ಪಾರ್ಸಿ ಸಮುದಾಯದ ಒಂದು ವರ್ಗ ಗಲಾಟೆ ಎಬ್ಬಿಸಿತು. ಆಕೆ ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಸಂಗೀತ ನೀಡಿದರು.

ಎಲ್ಲರಿಗೂ ತಿಂಗಳ ಸಂಬಳ. ನಾಯಕ ನಟನೂ ನೌಕರ, ಲೈಟ್ ಹಿಡಿಯುವವನೂ ನೌಕರ. ಇಂದಿನ ಚಿತ್ರರಂಗದಲ್ಲಿ ಒಂದು ಸಿನಿಮಾಗೆ ಒಂದು ತಂಡ ಕೂಡುತ್ತದೆ, ಮುಗಿದ ಮೇಲೆ ಚದುರುತ್ತದೆ. ಕಾಲ್‌ಶೀಟ್, ಅಡ್ವಾನ್ಸ್, ಬ್ಯಾಲೆನ್ಸ್ ಪೇಮೆಂಟ್ ಎಂದು ಅರ್ಧ ಆಯುಷ್ಯ ಕಳೆಯುತ್ತದೆ. ಮಲಾಡ್‌ನಲ್ಲಿ ಒಂದು ಚಿತ್ರ ಮುಗಿದ ಮರುದಿನ ಅದೇ ಜನ ಇನ್ನೊಂದರ ಕೆಲಸಕ್ಕೆ ಕೂರುತ್ತಿದ್ದರು. ಸೋತ ಚಿತ್ರದ ನಷ್ಟವನ್ನು ಗೆದ್ದ ಚಿತ್ರ ಹೊರುತ್ತಿತ್ತು. ಕೆಲಸ ಕಲಿಯಲು ಪುರುಸೊತ್ತಿತ್ತು. ಈ ವ್ಯವಸ್ಥೆಯಲ್ಲಿ ಒಂದು ಷರತ್ತು ಅಡಗಿತ್ತು: ಸಂಬಳ ಪಡೆಯುವ ನಟನಿಗೆ ಹೊರಗಡೆ ಅದರ ಹತ್ತು ಪಟ್ಟು ಕೊಡುವವರು ಇರಬಾರದು. ಆಗ ಇರಲಿಲ್ಲ.

ಕಂಪನಿ ಶುರುವಾಗಿ ಎರಡು ವರ್ಷ ತುಂಬುವ ಮೊದಲೇ ಯಜಮಾನನ ಮನೆಯಲ್ಲಿ ಬಿರುಗಾಳಿ ಎದ್ದಿತು. ‘ಜೀವನ್ ನೈಯಾ’ (1936) ಚಿತ್ರೀಕರಣದ ನಡುವೆ ನಾಯಕಿ ದೇವಿಕಾ ರಾಣಿ ನಾಯಕ ನಜ್ಮುಲ್ ಹುಸೇನ್ ಜೊತೆ ಕಲ್ಕತ್ತೆಗೆ ಹೊರಟುಹೋದರು. ಉರ್ದು ಕಥೆಗಾರ ಸಾದತ್ ಹಸನ್ ಮಂಟೊ ಈ ಪ್ರಸಂಗವನ್ನು ರಸವತ್ತಾಗಿ ಬರೆದಿದ್ದಾರೆ. ನನಗೆ ಕಾಣುವುದು ರಸದ ಹಿಂದಿನ ಲೆಕ್ಕಪತ್ರ. ಪೋಸ್ಟರಿನ ಮೇಲಿನ ಮುಖ ಹೋಯಿತು, ಅರ್ಧ ತೆಗೆದ ಚಿತ್ರ ನಿಂತಿತು, ಷೇರುದಾರರಿಗೆ ಏನು ಹೇಳುವುದು? ಶಶಧರ್ ಮುಖರ್ಜಿ ಸಂಧಾನ ಮಾಡಿ ಆಕೆಯನ್ನು ಕರೆತಂದರು. ನಜ್ಮುಲ್‌ಗೆ ಬಾಗಿಲು ಮುಚ್ಚಿತು. ಅವನ ಜಾಗಕ್ಕೆ ರಾಯ್ ಕಣ್ಣಿಗೆ ಬಿದ್ದದ್ದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ಮುಖರ್ಜಿಯ ಹೆಂಡತಿಯ ಅಣ್ಣ ಕುಮುದ್‌ಲಾಲ್ ಗಂಗೂಲಿ. ನಟನೆ ಅಂದರೆ ಹಿಂಜರಿಯುತ್ತಿದ್ದ ಆ ಹುಡುಗನಿಗೆ ಅಶೋಕ್ ಕುಮಾರ್ ಎಂದು ಹೆಸರಿಟ್ಟು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಕಂಪನಿ ಉಳಿಯಿತು. ಆದರೆ ದೊಡ್ಡ ದೊಡ್ಡ ಸರ್‌ಗಳು ಕೂತಿದ್ದ ಮಂಡಳಿ ಇದ್ದೂ, ಈ ಕಂಪನಿಯ ಉಳಿವು ಗಂಡ–ಹೆಂಡಿರ ಸಂಬಂಧಕ್ಕೆ ಗಂಟು ಬಿದ್ದಿದೆ ಎಂಬುದು ಅಂದೇ ಎಲ್ಲರಿಗೂ ಕಂಡಿತ್ತು. ಬಾವ–ಭಾವಮೈದುನರ ಒಂದು ಬಣ ಹುಟ್ಟಲು ಬೀಜ ಬಿದ್ದದ್ದೂ ಅಂದೇ.

ಅದೇ 1936ರಲ್ಲಿ ‘ಅಛೂತ್ ಕನ್ಯಾ’ ಬಂತು. ರೈಲ್ವೆ ಗೇಟು ಕಾಯುವವನ ಮಗಳು ಕಸ್ತೂರಿ, ಬ್ರಾಹ್ಮಣ ಅಂಗಡಿಯವನ ಮಗ ಪ್ರತಾಪ್. ಕಥೆ ನಿರಂಜನ್ ಪಾಲ್ ಅವರದು. ಇಡೀ ಹಳ್ಳಿಯ ಹಣೆಬರಹ ಒಂದು ಲೆವೆಲ್ ಕ್ರಾಸಿಂಗ್‌ನ ಸುತ್ತ ತಿರುಗುತ್ತದೆ. ಕಸ್ತೂರಿ ಸಾಯುವುದೂ ಆ ಹಳಿಗಳ ಮೇಲೆಯೇ. ಇಂದು ನೋಡಿದರೆ ದೇವಿಕಾ ರಾಣಿಯ ತಿದ್ದಿದ ಹುಬ್ಬು, ಮಡಿಕೆ ಕೆಡದ ಸೀರೆ ಅಸ್ಪೃಶ್ಯರ ಮನೆಯ ಹುಡುಗಿಗೆ ಒಗ್ಗುವುದಿಲ್ಲ. ಅಶೋಕ್ ಕುಮಾರ್ ಅಂಜುತ್ತ ಹಾಡುತ್ತಾರೆ. ಆಗಿನ್ನೂ ಹಾಡು ನಟರ ಸ್ವಂತ ಗಂಟಲಿನದು. ಆದರೆ ವಿರ್ಶಿಂಗ್ ಅವರ ಬೆಳಕು ಹಾಗೆಯೇ ನಿಂತಿದೆ. ರಾತ್ರಿಯ ಗೇಟು, ಹುಡುಗಿಯ ಕೆನ್ನೆಯ ಒಂದು ಪಕ್ಕಕ್ಕೆ ಮಾತ್ರ ಬೀಳುವ ದೀಪ. ಸ್ಟುಡಿಯೊ ಫ್ಲೋರ್‌ನಲ್ಲಿ ಇಷ್ಟು ಕೆಲಸ ಆಗಬೇಕಾದರೆ ಗಡಿಯಾರ ನೋಡದೆ ದೀಪ ಸರಿಪಡಿಸುವ ಜನ ಬೇಕು, ಅವರಿಗೆ ತಿಂಗಳ ಕೊನೆಗೆ ಸಂಬಳ ಬರುವ ಖಾತ್ರಿಯೂ ಬೇಕು.

ನಂತರದ ಮೂರು ವರ್ಷ ನಿರಾತಂಕವಾಗಿ ನಡೆಯಿತು. ಅದರ ಕೊನೆಗೆ ಬಂದವರು ನಮ್ಮ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್. ಪದವಿ ಓದಿದ, ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ ಈಕೆ ‘ಕಂಗನ್’ (1939), ‘ಬಂಧನ್’ (1940), ‘ಝೂಲಾ’ (1941) ಚಿತ್ರಗಳಲ್ಲಿ ಅಶೋಕ್ ಕುಮಾರ್ ಜೊತೆ ನಟಿಸಿದರು. ದೇವಿಕಾ ರಾಣಿಯ ಹೊರತಾಗಿಯೂ ಕಂಪನಿಗೆ ನಾಯಕಿಯಿದ್ದಾಳೆ ಎಂದು ತೋರಿಸಿದ ಚಿತ್ರಗಳಿವು. ‘ಆವಾರಾ’ದ ತಾಯಿಯಾಗಿ ಮಾತ್ರ ಅವರನ್ನು ಬಲ್ಲವರು ಈ ಮೂರರಲ್ಲಿ ಒಂದನ್ನಾದರೂ ನೋಡಬೇಕು.

‘ಕಂಗನ್’ ತಯಾರಾಗುತ್ತಿದ್ದಾಗಲೇ ಯುರೋಪಿನಲ್ಲಿ ಯುದ್ಧ ಸಿಡಿಯಿತು. ಬ್ರಿಟಿಷ್ ಸರ್ಕಾರಕ್ಕೆ ಜರ್ಮನರೆಲ್ಲ ಶತ್ರುಗಳಾದರು. ಆಸ್ಟನ್, ವಿರ್ಶಿಂಗ್ ಮತ್ತಿತರರನ್ನು ಹಿಡಿದು ಬಂಧನ ಶಿಬಿರಕ್ಕೆ ಹಾಕಿದರು. ಆಸ್ಟನ್ ನಾಜಿ ಪಕ್ಷದ ಸದಸ್ಯರೂ ಆಗಿದ್ದರು; ಅಸ್ಪೃಶ್ಯತೆಯ ವಿರುದ್ಧ ಚಿತ್ರ ತೆಗೆದ ವರ್ಷವೇ ಆ ಸದಸ್ಯತ್ವ ಪಡೆದಿದ್ದರು ಎಂಬುದು ಅರಗಿಸಿಕೊಳ್ಳಲು ಕಷ್ಟವಾದ ಸಂಗತಿ. ಅರ್ಧ ಕಂಪನಿ ಒಂದೇ ಏಟಿಗೆ ಖಾಲಿ. ಆ ಹೊರೆ ಹೊತ್ತ ಹಿಮಾಂಶು ರಾಯ್ 1940ರ ಮೇ ತಿಂಗಳಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು.

ತಂದೆ ತೀರಿದ ಮೇಲೆ ಅವಿಭಕ್ತ ಕುಟುಂಬದಲ್ಲಿ ನಡೆಯುವುದೇ ಇಲ್ಲೂ ನಡೆಯಿತು: ಒಂದೇ ಸೂರು, ಎರಡು ಒಲೆ. ಒಂದು ಕಡೆ ದೇವಿಕಾ ರಾಣಿ ಮತ್ತು ನಿರ್ದೇಶಕ ಅಮಿಯ ಚಕ್ರವರ್ತಿ. ಇನ್ನೊಂದು ಕಡೆ ಶಶಧರ್ ಮುಖರ್ಜಿ, ಅಶೋಕ್ ಕುಮಾರ್, ಚುನಿಲಾಲ್. ಒಂದು ಚಿತ್ರ ಇವರದು, ಒಂದು ಅವರದು ಎಂದು ಸರದಿಯಾಯಿತು. ವಿಚಿತ್ರವೆಂದರೆ ಈ ಪೈಪೋಟಿ ಮೊದಲಿಗೆ ಲಾಭವನ್ನೇ ತಂದಿತು. ದೇವಿಕಾ ಬಣದ ‘ಬಸಂತ್’ (1942) ಗೆದ್ದಿತು. ಅದರಲ್ಲಿ ಪುಟ್ಟ ಹುಡುಗಿಯಾಗಿ ನಟಿಸಿದಾಕೆ ಮುಂದೆ ಮಧುಬಾಲಾ ಎಂದು ಹೆಸರಾದಳು. ಮುಖರ್ಜಿ ಬಣದ ‘ಕಿಸ್ಮತ್’ ಅದನ್ನೂ ಮೀರಿಸಿತು.

‘ಕಿಸ್ಮತ್’ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಅದರ ಕಥೆಯಲ್ಲೊಂದು ನಾಟಕ ಮಂದಿರವಿದೆ. ಒಂದು ಕಾಲದ ಅದರ ಒಡೆಯ ಈಗ ಭಿಕಾರಿ; ಅವನ ಕೈಕೆಳಗೆ ದುಡಿದವನು ಈಗ ಒಡೆಯ; ಹಳೆಯ ಒಡೆಯನ ಕುಂಟು ಮಗಳು ಅದೇ ಮಂದಿರದಲ್ಲಿ ಹಾಡಿ ಸಾಲ ತೀರಿಸುತ್ತಾಳೆ. ಆ ಹುಡುಗಿಯಾಗಿ ಮುಮ್ತಾಜ್ ಶಾಂತಿ ತುಟಿ ಆಡಿಸಿದ ಹಾಡುಗಳಿಗೆ ದನಿ ಕೊಟ್ಟವರು ಅಮೀರ್‌ಬಾಯಿ ಕರ್ನಾಟಕಿ, ಆಗ ಬಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿಯ ಹೆಣ್ಣುಮಗಳು. ರಹಮತ್ ತರೀಕೆರೆ ಅವರು ಈಕೆಯ ಬದುಕಿನ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಅನಿಲ್ ಬಿಸ್ವಾಸ್ ಅವರ ಸಂಗೀತದಲ್ಲಿ ಕಂಪನಿ ನಾಟಕದ ಏರುದನಿಯನ್ನು ತಗ್ಗಿಸಿ, ಮೈಕಿನ ಹತ್ತಿರ ನಿಂತು ಒಬ್ಬರ ಕಿವಿಯಲ್ಲಿ ಹೇಳುವಂತೆ ಹಾಡಿದ್ದಾರೆ ಅಮೀರ್‌ಬಾಯಿ. ಚಿತ್ರದ ಇನ್ನೊಂದು ಹಾಡು, ಪ್ರದೀಪ್ ಬರೆದದ್ದು, ಪರಕೀಯರಿಗೆ ದೂರ ಸರಿಯಿರಿ ಎಂದು ಹೇಳುತ್ತದೆ. ಅದರಲ್ಲಿ ಜರ್ಮನಿ, ಜಪಾನ್ ಹೆಸರು ತುರುಕಿ ಸೆನ್ಸಾರ್ ದಾಟಿಸಿದರು. ಕ್ವಿಟ್ ಇಂಡಿಯಾ ಚಳವಳಿ ನಡೆದು ಆರು ತಿಂಗಳೂ ಆಗಿರಲಿಲ್ಲ. ಜನ ಯಾರನ್ನು ನೆನೆದು ಚಪ್ಪಾಳೆ ತಟ್ಟಿದರೆಂದು ಬಿಡಿಸಿ ಹೇಳಬೇಕಿಲ್ಲ.

ಇಂಥ ಚಿತ್ರ ಕೊಟ್ಟವರು ಬೇರೆಯವರ ಮನೆಯಲ್ಲಿ ಸಂಬಳಕ್ಕೆ ಯಾಕಿರಬೇಕು? ಷೇರುಗಳ ಹಿಡಿತ ದೇವಿಕಾ ರಾಣಿಯ ಕಡೆಗಿತ್ತು, ದುಡಿಮೆಯ ಹೆಮ್ಮೆ ಮುಖರ್ಜಿಯ ಕಡೆಗಿತ್ತು. ನಡುವೆ ನ್ಯಾಯ ಹೇಳುವ ಹಿರಿಯರಿರಲಿಲ್ಲ. ಮುಖರ್ಜಿ ಬಣ ಫಿಲ್ಮಿಸ್ತಾನ್ ಕಟ್ಟಿ ‘ಶಹೀದ್’, ‘ಅನಾರ್ಕಲಿ’, ‘ನಾಗಿನ್’ನಂಥ ಚಿತ್ರಗಳನ್ನು ಕೊಟ್ಟಿತು. ಅಂದರೆ ಬಾಂಬೆ ಟಾಕೀಸ್ ಕಲಿಸಿದ ವಿದ್ಯೆ ಎಲ್ಲೂ ಹೋಗಲಿಲ್ಲ, ವಿಳಾಸ ಬದಲಾಯಿತು.

ತಪ್ಪೆಲ್ಲ ಮನುಷ್ಯರದೇ ಎನ್ನಲಾಗದು. ಯುದ್ಧ ಹಣದ ಹರಿವನ್ನೇ ಬದಲಿಸಿತ್ತು. ಕಚ್ಚಾ ಫಿಲ್ಮ್ ವಿದೇಶದಿಂದ ಬರಬೇಕಿತ್ತು, ಹಡಗುಗಳಲ್ಲಿ ಜಾಗವಿರಲಿಲ್ಲ. ಚಿತ್ರದ ಉದ್ದ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟಳೆ ಹಾಕಿತು. ಅದು ಸುಮಾರು ಎರಡು ಗಂಟೆಯ ಚಿತ್ರ. 1943ರಿಂದ ಕಚ್ಚಾ ಫಿಲ್ಮ್‌ಗೆ ಲೈಸೆನ್ಸ್ ಬಂತು. ಎಲ್ಲಿ ಲೈಸೆನ್ಸೋ ಅಲ್ಲಿ ಕಾಳಸಂತೆ. ಇನ್ನೊಂದು ಕಡೆ ಯುದ್ಧದ ಗುತ್ತಿಗೆಗಳಲ್ಲಿ, ಧಾನ್ಯದ ದಾಸ್ತಾನಿನಲ್ಲಿ ದುಡ್ಡು ಬಾಚಿದವರ ಹತ್ತಿರ ತೆರಿಗೆಗೆ ತೋರಿಸಲಾಗದ ಕಂತೆಗಳಿದ್ದವು. ಆ ಹಣಕ್ಕೆ ಒಳ್ಳೆಯ ಜಾಗ ಸಿನಿಮಾ. ಒಬ್ಬ ತಾರೆಯನ್ನು ಹಿಡಿದು ಒಂದೇ ಒಂದು ಚಿತ್ರ ಮಾಡುವ ನಿರ್ಮಾಪಕರು ಅಣಬೆಯಂತೆ ಎದ್ದರು. ಇವರಿಗೆ ಸ್ಟುಡಿಯೊ ಬೇಡ, ಬಾಡಿಗೆಗೆ ಸಿಗುತ್ತದೆ; ಸಂಬಳದ ಪಟ್ಟಿ ಬೇಡ, ದಿನಗೂಲಿ ಸಾಕು. ತಾರೆಗೆ ಮಾತ್ರ ಕೇಳಿದಷ್ಟು, ಅದರಲ್ಲೂ ಒಂದು ಪಾಲು ರಸೀದಿಯಿಲ್ಲದೆ. ನೂರಾರು ನೌಕರರಿಗೆ ತಿಂಗಳು ತಿಂಗಳು ಸಂಬಳ ಕೊಟ್ಟು, ಲೆಕ್ಕ ಬರೆದು, ಷೇರುದಾರರಿಗೆ ಉತ್ತರ ಹೇಳಬೇಕಾದ ಕಂಪನಿ ಇವರ ಎದುರು ಹೇಗೆ ನಿಂತೀತು? ಪ್ರಭಾತ್, ನ್ಯೂ ಥಿಯೇಟರ್ಸ್‌ಗಳಂಥ ಇತರ ದೊಡ್ಡ ಸ್ಟುಡಿಯೊಗಳೂ ಇದೇ ಏಟು ತಿಂದು ಒಂದೊಂದಾಗಿ ಕುಸಿದವು. ಸ್ವಾತಂತ್ರ್ಯಾನಂತರ ಎಸ್.ಕೆ. ಪಾಟೀಲ್ ನೇತೃತ್ವದ ಚಲನಚಿತ್ರ ವಿಚಾರಣಾ ಸಮಿತಿ 1951ರ ವರದಿಯಲ್ಲಿ ಈ ಕಾಳಧನದ ಪಿಡುಗನ್ನು ವಿವರವಾಗಿ ದಾಖಲಿಸಿತು. ಈಗಲೂ ನಮ್ಮ ಚಿತ್ರರಂಗ ಬಡ್ಡಿ ಫೈನಾನ್ಸಿಯರ್‌ಗಳ ಸುತ್ತ, ಒಬ್ಬ ಹೀರೊನ ಡೇಟ್ ಸುತ್ತ ತಿರುಗುತ್ತಿದ್ದರೆ ಅದರ ಬೇರು ಅಲ್ಲಿದೆ.

ಒಡಕಿನ ನಡುವೆಯೂ ದೇವಿಕಾ ರಾಣಿ ಸುಮ್ಮನೆ ಕೂರಲಿಲ್ಲ. ಪೇಶಾವರದ ಹಣ್ಣಿನ ವ್ಯಾಪಾರಿಯ ಮಗ ಯೂಸುಫ್ ಖಾನ್‌ನನ್ನು ತಿಂಗಳಿಗೆ 1,250 ರೂಪಾಯಿ ಸಂಬಳಕ್ಕೆ ತೆಗೆದುಕೊಂಡು ದಿಲೀಪ್ ಕುಮಾರ್ ಎಂದು ಹೆಸರಿಟ್ಟದ್ದು ಅವರೇ. ಆದರೆ ಆ ಹುಡುಗನ ಮೊದಲ ಚಿತ್ರ ‘ಜ್ವಾರ್ ಭಾಟಾ’ (1944) ನೆಲಕಚ್ಚಿತು. ಮರುವರ್ಷ ದೇವಿಕಾ ರಾಣಿ ಷೇರುಗಳನ್ನು ಮಾರಿ, ರಷ್ಯನ್ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಸಿನಿಮಾಕ್ಕೆ ಬೆನ್ನು ತಿರುಗಿಸಿದರು. ಆಗ ಅವರಿಗೆ 37 ವರ್ಷ. ಸೋತು ಓಡಿದರು ಎಂದು ಕೆಲವರು ಬರೆದಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಗಂಡ ಕಟ್ಟಿದ ಕಂಪನಿಯನ್ನು, ಗಂಡಸರೇ ತುಂಬಿದ ಉದ್ಯಮದಲ್ಲಿ, ಯುದ್ಧದ ಐದು ವರ್ಷ ನಡೆಸಿದ ಹೆಂಗಸು ಬೆಲೆ ಇರುವಾಗಲೇ ಮಾರಿ ಹೊರಬಂದದ್ದು ಆ ಕಥೆಯಲ್ಲಿ ಯಾರೊಬ್ಬರೂ ತೋರದ ವ್ಯವಹಾರ ಜಾಣ್ಮೆ.

ಕೊಂಡವರಲ್ಲಿ ಪ್ರಮುಖರು ಶಿರಾಜ್ ಅಲಿ ಹಕೀಂ. ಕೆ. ಆಸಿಫ್‌ರ ‘ಮೊಘಲ್–ಎ–ಆಜಮ್’ಗೆ ಮೊದಲು ಹಣ ಹಾಕಿದವರೂ ಇವರೇ. ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೊರಟರು. ಆ ಚಿತ್ರ ಅರ್ಧಕ್ಕೆ ನಿಂತು ಕೊನೆಗೆ ತೆರೆ ಕಂಡದ್ದು 1960ರಲ್ಲಿ. ಖಾಲಿ ಬಿದ್ದ ಬಾಂಬೆ ಟಾಕೀಸ್‌ಗೆ ಮರಳಿ ಬಂದವರು ಅಶೋಕ್ ಕುಮಾರ್. ಜೊತೆಗೆ ಹಳೆಯ ಧ್ವನಿಮುದ್ರಕ ಸಾವಕ್ ವಾಚಾ. ಸಂಬಳಕ್ಕಿದ್ದ ಹುಡುಗರು ಯಜಮಾನರಾಗಿ ಬಂದಿದ್ದರು. ಮಂಟೊ ಕೂಡ ಆಗ ಅಲ್ಲಿ ಕೆಲಸಕ್ಕಿದ್ದರು. ಗಲಭೆಯ ದಿನಗಳು. ಕಂಪನಿಯಲ್ಲಿರುವ ಮುಸ್ಲಿಮರನ್ನು ತೆಗೆದುಹಾಕಿ, ಇಲ್ಲವಾದರೆ ಬೆಂಕಿ ಇಡುತ್ತೇವೆ ಎಂಬ ಪತ್ರಗಳು ಬರುತ್ತಿದ್ದವು. ಒಂದು ರಾತ್ರಿ ಅಶೋಕ್ ಕುಮಾರ್ ಮಂಟೊರನ್ನು ಕಾರಿನಲ್ಲಿ ಕೂರಿಸಿಕೊಂಡು ಮುಸ್ಲಿಂ ಮೊಹಲ್ಲಾದೊಳಗೆ ನುಗ್ಗಿದರಂತೆ. ಮದುವೆ ಮೆರವಣಿಗೆಯೊಂದು ಎದುರಾಯಿತು. ಈತನಿಗೇನಾದರೂ ಆದರೆ ಎಂದು ಮಂಟೊಗೆ ಪುಕುಪುಕು. ಜನ ಕಾರಿನೊಳಗೆ ಇಣುಕಿ, ನಟನನ್ನು ಗುರುತಿಸಿ, ಮುಂದೆ ದಾರಿಯಿಲ್ಲ, ಪಕ್ಕದ ಓಣಿಯಲ್ಲಿ ಹೋಗಿ ಅಣ್ಣ ಎಂದು ದಾರಿ ತೋರಿಸಿದರು. ಕಲಾವಿದನನ್ನು ಯಾರೂ ಏನೂ ಮಾಡುವುದಿಲ್ಲ ಎಂಬುದು ಅಶೋಕ್ ಕುಮಾರರ ನಂಬಿಕೆ. ಮಂಟೊಗೆ ಅಷ್ಟು ನಂಬಿಕೆ ಇರಲಿಲ್ಲ. 1948ರ ಜನವರಿಯಲ್ಲಿ ಲಾಹೋರಿಗೆ ಹೊರಟುಹೋದರು.

ಅಶೋಕ್–ವಾಚಾ ಜೋಡಿ ಮಾಡಿದ್ದು ಕಡಿಮೆಯೇನಲ್ಲ. ‘ಜಿದ್ದಿ’ಯಲ್ಲಿ (1948) ದೇವ್ ಆನಂದ್‌ಗೆ ದೊಡ್ಡ ಅವಕಾಶ, ತಮ್ಮ ಕಿಶೋರ್‌ಗೆ ಹಾಡು. ‘ಮಹಲ್’ನಲ್ಲಿ ಕಮಾಲ್ ಅಮ್ರೋಹಿಗೆ ಮೊದಲ ನಿರ್ದೇಶನ. ಕ್ಯಾಮೆರಾಕ್ಕೆ ಶಿಬಿರದಿಂದ ಬಿಡುಗಡೆಯಾಗಿ ಬಂದ ಅದೇ ವಿರ್ಶಿಂಗ್. ಆ ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಗಾಯಕಿಯ ಹೆಸರಿದ್ದ ಕಡೆ ‘ಕಾಮಿನಿ’ ಎಂದು ಪಾತ್ರದ ಹೆಸರು ಅಚ್ಚಾಗಿತ್ತು. ಹಾಡಿದ್ದು ಯಾರು ಎಂದು ಕೇಳುಗರು ರೇಡಿಯೊಗೆ ಪತ್ರ ಬರೆದ ಮೇಲೆ ಲತಾ ಮಂಗೇಶ್ಕರ್ ಹೆಸರು ಮನೆಮಾತಾಯಿತು. ಇಷ್ಟಾದರೂ ಹಳೆಯ ಸಾಲ ಕರಗಲಿಲ್ಲ. ಅಶೋಕ್ ಕುಮಾರ್ ಒಳ್ಳೆಯ ನಟ, ಉದಾರಿ. ಲೆಕ್ಕದ ಮನುಷ್ಯ ಅಲ್ಲ. ಹೊರಗೆ ನಟಿಸಿದರೆ ತನಗೇ ಲಕ್ಷ ಸಿಗುವಾಗ ಒಳಗೆ ನೂರಾರು ಜನರ ಸಂಬಳ ಹೊಂದಿಸುವ ಸಂಕಟ ಯಾರಿಗೆ ಬೇಕು? ಅವರೂ ಹೊರಬಂದರು. ಕಂಪನಿ ಉದ್ಯಮಿ ತೋಲಾರಾಂ ಜಾಲಾನ್ ಕೈಸೇರಿತು. ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಕುಸಿಯುತ್ತಿದ್ದುದರಿಂದ ಬಿಮಲ್ ರಾಯ್ ತಮ್ಮ ಬಳಗ ಕಟ್ಟಿಕೊಂಡು ಬಂದು ಇಲ್ಲಿ ‘ಮಾ’ (1952) ತೆಗೆದರು. ಮುಳುಗುವ ಹಡಗಿನಿಂದ ಮುಳುಗುವ ಹಡಗಿಗೆ.

ಕೊನೆಯ ಪ್ರಯತ್ನ ಮಾಡಿದವರು ಕಾರ್ಮಿಕರು. ಸಂಬಳ ನಿಂತಾಗ ಸಹಕಾರ ಸಂಘ ಮಾಡಿಕೊಂಡು ‘ಬಾದ್‌ಬಾನ್’ (1954) ಚಿತ್ರ ತೆಗೆದರು. ಫಣಿ ಮಜುಂದಾರ್ ನಿರ್ದೇಶಿಸಿದರು. ಅಶೋಕ್ ಕುಮಾರ್, ದೇವ್ ಆನಂದ್, ಮೀನಾ ಕುಮಾರಿ ನಟಿಸಿದರು. ಅದೂ ಕೈ ಹಿಡಿಯಲಿಲ್ಲ. ಇಪ್ಪತ್ತು ವರ್ಷ, ಸುಮಾರು 40 ಚಿತ್ರಗಳ ನಂತರ ಬೀಗ ಬಿತ್ತು. ಮಲಾಡ್‌ನ ಆ ಜಾಗ ಈಗ ಸಣ್ಣಪುಟ್ಟ ಕಾರ್ಖಾನೆಗಳು ಕಿಕ್ಕಿರಿದ ಕಾಂಪೌಂಡು. ಕಂಪನಿಯ ಕಾಗದಪತ್ರಗಳಲ್ಲಿ ಒಂದು ದೊಡ್ಡ ಭಾಗ ಉಳಿದದ್ದು ಹಿಮಾಂಶು ರಾಯ್ ಅವರ ಮೊದಲ, ಜರ್ಮನ್ ಪತ್ನಿಯ ಕಡೆಯ ಮೊಮ್ಮಗನ ಬಳಿ, ಆಸ್ಟ್ರೇಲಿಯಾದಲ್ಲಿ. 2017ರಲ್ಲಿ ಮೆಲ್ಬರ್ನ್‌ನಲ್ಲಿ ಅವುಗಳ ಪ್ರದರ್ಶನ ನಡೆಯಿತು.

ದೇವಿಕಾ ರಾಣಿ ನಮ್ಮ ಬೆಂಗಳೂರಿನವರೇ ಆದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ಸುಮಾರು 470 ಎಕರೆಯ ಎಸ್ಟೇಟಿನಲ್ಲಿ ರೋರಿಕ್ ಚಿತ್ರ ಬರೆದರು. ಇಬ್ಬರೂ ಸೇರಿ ಸುಗಂಧ ತೈಲದ ಲಿನಾಲೂ ಗಿಡ ಬೆಳೆಸಿದರು. ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದದ್ದು ಈ ತಾತಗುಣಿಯ ವಿಳಾಸದ ಹೆಣ್ಣುಮಗಳಿಗೆ. 1993ರ ಜನವರಿಯಲ್ಲಿ ರೋರಿಕ್, 1994ರ ಮಾರ್ಚ್‌ನಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಯಜಮಾನರ ನಂತರ ಯಾರು ಎಂಬ ಪ್ರಶ್ನೆ ಇಲ್ಲಿಯೂ ಎದ್ದಿತು, ಈ ಸಲ ಅದು ಕೋರ್ಟು ಹತ್ತಿತು. ಎಸ್ಟೇಟನ್ನು ವಶಪಡಿಸಿಕೊಳ್ಳಲು ಕರ್ನಾಟಕ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಅದು ಸಿಂಧು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಲು 2011ರ ಆಗಸ್ಟ್ ಬರಬೇಕಾಯಿತು.

ಬಾಂಬೆ ಟಾಕೀಸ್ ಬಿಟ್ಟುಹೋದ ಆಸ್ತಿಗೆ ಅಂಥ ವ್ಯಾಜ್ಯವಿಲ್ಲ. ನಮ್ಮ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ ಮಾತ್ರ. ಕೊನೆಯ ಚಿತ್ರದ ಅವಧಿಯೂ 2014ರ ಅಂತ್ಯಕ್ಕೆ ಮುಗಿದಿದೆ. ‘ಅಛೂತ್ ಕನ್ಯಾ’, ‘ಕಿಸ್ಮತ್’, ‘ಮಹಲ್’ ಮೂರೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಒಂದನ್ನೇ ನೋಡಲು ಪುರುಸೊತ್ತಿದ್ದರೆ ‘ಕಿಸ್ಮತ್’ ನೋಡಿ. ಬೀಳಗಿಯ ಅಮೀರ್‌ಬಾಯಿಯ ದನಿ ಕೇಳಿದಂತೆಯೂ ಆಗುತ್ತದೆ.